ಮಕ್ಕಳ ಕೈಗೆ ಅಡಿಗೆಯ ಕೆಲಸ



ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಹಂಸಭಾವಿ ಭಾಗದ ಬೆಳೆಗಾರರ ಮನೆಗಳಲ್ಲಿ ಹಿರಿಯರೆಲ್ಲರೂ ತೋಟದಲ್ಲಿರುತ್ತಾರೆ, ಇಲ್ಲವೇ ಸುಲಿಯಲು ಕುಳಿತಿರುತ್ತಾರೆ. ಶಾಲೆ ಬಿಟ್ಟು ಬಂದ ಮಗು ರೊಟ್ಟಿ ಬುಟ್ಟಿ ತೆರೆದು ನೋಡಿ, ಹತ್ತು ರೂಪಾಯಿ ಹಿಡಿದು ಅಂಗಡಿಗೆ ಓಡುತ್ತದೆ. ಚಿಪ್ಸ್ ಪೊಟ್ಟಣದ ಉಪ್ಪು, ಎಣ್ಣೆ ಹೊಟ್ಟೆ ಸೇರಿದ ಮೇಲೆ ರಾತ್ರಿಯ ಊಟ ಬೇಡವಾಗುತ್ತದೆ. ಮಧ್ಯಾಹ್ನಕ್ಕೆ ಶಾಲೆಯಲ್ಲಿ ಅಕ್ಷರ ದಾಸೋಹವಿದೆ. 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಆರಂಭವಾದ ಆ ಯೋಜನೆ 2003ರಲ್ಲಿ ನಮ್ಮ ಕಡೆಗೂ ಬಂದಿತು. 2013ರಲ್ಲಿ ಕ್ಷೀರಭಾಗ್ಯದ ಹಾಲೂ ಸೇರಿತು. ಉಳಿದ ಹೊತ್ತಿನದು ನಮ್ಮ ಹೊಣೆ. ಆದ್ದರಿಂದ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಅಡಿಗೆ ಕಲಿಸಬೇಕು. ಗಂಡುಮಗನಿಗೆ ಒಲೆಯ ಕೆಲಸವೇಕೆ ಎನ್ನುವವರು, ಆತ ನಾಳೆ ಧಾರವಾಡದಲ್ಲಿ ಕೋಣೆ ಹಿಡಿದು ಓದುವಾಗ ಏನು ತಿಂದಾನು ಎಂದು ಯೋಚಿಸಲಿ.

ಆರೇಳು ವರ್ಷದ ಮಗುವಿಗೆ ಬೆಂಕಿ ಬೇಡ. ಕಾಳು ಆರಿಸುವುದು, ಮೆಂತ್ಯ ಸೊಪ್ಪು ಸೋಸುವುದು, ಮೊಳಕೆ ಕಟ್ಟುವುದು ಸಾಕು. ಒಂದು ಹಿಡಿ ಹೆಸರುಕಾಳನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಅಡಿಕೆ ಬೀಜ ಮೊಳೆಯಲು ಸುಮಾರು ಒಂದೂವರೆ ತಿಂಗಳು ಬೇಕು. ಹೆಸರು ಮರುದಿನವೇ ಮೊಳೆಯುತ್ತದೆ. ಮಗುವಿಗೆ ಅದೇ ಒಂದು ಆಟ. ತಾನೇ ಕಟ್ಟಿದ ಮೊಳಕೆಯನ್ನು ಅದು ಬೇಡವೆನ್ನುವುದು ಕಡಿಮೆ. ಚಿಕ್ಕವರಿಗೆ ಮೊಳಕೆಯನ್ನು ಬೇಯಿಸಿಯೇ ಕೊಡುವುದು ಕ್ಷೇಮ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ನಿಂಬೆಯ ಸಿ ಜೀವಸತ್ವವು ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ; ಬಿಸಿಗೆ ಆ ಸತ್ವ ನಷ್ಟವಾಗುತ್ತದೆ. ಚಹಾ, ಕಾಫಿ ಇದಕ್ಕೆ ವಿರುದ್ಧ: ಊಟದೊಡನೆ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕಾಫಿ ಬೆಳೆಯುವ ಸದಸ್ಯರು ಮುನಿಯಬಾರದು. ಮಕ್ಕಳಿಗೆ ಅದು ಬೇಡವೇ ಬೇಡ.

ಹತ್ತು ದಾಟಿದವರನ್ನು ಹಿರಿಯರ ಎದುರಿನಲ್ಲಿ ರೊಟ್ಟಿಗೆ ಕೂರಿಸಬಹುದು. ಜೋಳದ ಹಿಟ್ಟಿಗೆ ಗೋದಿಯಂತೆ ಅಂಟುಗುಣವಿಲ್ಲ. ಕುದಿಯುವ ನೀರು ಬಿದ್ದಾಗ ಪಿಷ್ಟ ಬೆಂದು ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಕಾರಣ ತಿಳಿದ ಮಗು ತಣ್ಣೀರು ಹಾಕುವುದಿಲ್ಲ. ಆ ಕುದಿನೀರನ್ನು ಮಾತ್ರ ತಾವೇ ಸುರಿದುಕೊಡಿರಿ. ಮೊದಲ ರೊಟ್ಟಿ ಹರಿದರೆ ಮೊಸರಿನಲ್ಲಿ ಮುರಿದು ಉಣ್ಣಬಹುದು. ಜೊತೆಗೆ ಗುರೆಳ್ಳು ಹಿಂಡಿ, ಸವತೆಕಾಯಿ, ಯಾವುದಾದರೊಂದು ತಪ್ಪಲು ಪಲ್ಯ ಇದ್ದರೆ ಅಂಗಡಿಯ ಪೊಟ್ಟಣದ ಹಂಗಿಲ್ಲ.

ಕೈ ಸುಟ್ಟರೆ ಇಪ್ಪತ್ತು ನಿಮಿಷ ಶುದ್ಧ ತಣ್ಣೀರು ಹರಿಯಬಿಡಿರಿ. ಶಾಯಿ, ಟೂತ್‌ಪೇಸ್ಟ್ ಹಚ್ಚಬೇಡಿರಿ.

ಬೆಳೆಗಾರರ ಮನೆಗೇ ವಿಶೇಷವಾದ ಎರಡು ಮಾತು. ಔಷಧದ ಖಾಲಿ ಡಬ್ಬಿ ಎಷ್ಟು ತೊಳೆದರೂ ಅಡಿಗೆಮನೆಗೆ ಬರಕೂಡದು. ಬೋರ್ಡೋ ದ್ರಾವಣ ಮುಟ್ಟಿದ ಕೈ ಸಾಬೂನು ಕಾಣದೆ ಹಿಟ್ಟು ಮುಟ್ಟಕೂಡದು. ಇನ್ನೊಂದು, ಹೇಳಲು ಕಷ್ಟವಾದ ಮಾತು. ಅಡಿಕೆ ಜಗಿಯುವುದರಿಂದ, ತಂಬಾಕು ಇಲ್ಲದಿದ್ದರೂ, ಬಾಯಿ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ನಮ್ಮ ಜೀವನ ಆ ಬೆಳೆಯಿಂದಲೇ ನಡೆದಿದೆ, ನಿಜ. ಆದರೂ ಸುಲಿಯುವ ಜಾಗದಲ್ಲಿ ಕುಳಿತ ಮಗುವಿನ ಬಾಯಿಗೆ ಹೋಳು ಹೋಗದಂತೆ ನೋಡಿಕೊಳ್ಳಿರಿ. ಬಾಯಾಡಿಸಲು ಒಂದು ತಟ್ಟೆ ಹುರಿದ ಶೇಂಗಾ, ಚೂರು ಬೆಲ್ಲ ಅಲ್ಲೇ ಪಕ್ಕದಲ್ಲಿಡಿರಿ.