ಸಾಕುನಾಯಿ ಮತ್ತು ಸಂಸಾರದ ಆರೋಗ್ಯ

ಹಳ್ಳಿಯ ಬಾಳಿನಲ್ಲಿ ನಾಯಿ

ನಮ್ಮ ಗ್ರಾಮಾಂತರ ಪ್ರದೇಶಗಳಲ್ಲಿ ನಾಯಿಯ ಒಡನಾಟವಿಲ್ಲದ ಬೀದಿಯೇ ಇಲ್ಲವೆನ್ನಬಹುದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ತಾಲ್ಲೂಕುಗಳ ರೈತನಿಗೆ ನಾಯಿಯು ಹೊಲದ ಕಾವಲುಗಾರ, ಕುರಿಹಟ್ಟಿಯ ರಕ್ಷಕ, ಕಾಡಂಚಿನ ಊರುಗಳಲ್ಲಂತೂ ರಾತ್ರಿಯ ವೇಳೆ ಹಂದಿಯೋ ಚಿರತೆಯೋ ಬಂದ ಸುಳಿವನ್ನು ಮೊದಲು ಕೊಡುವ ಸಂಗಾತಿ. ಈ ಬಾಂಧವ್ಯ ಇಂದು ನಿನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ವೀರಗಲ್ಲೊಂದು ಕಾಡುಹಂದಿಯೊಡನೆ ಸೆಣಸಿ ಮಡಿದ 'ಕಾಳಿ' ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ನಾಯಿಯ ನಿಷ್ಠೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಗೌರವಿಸಿದ ನಾಡು ನಮ್ಮದು.

ಆದರೆ ಪ್ರೀತಿಯೊಂದೇ ಸಾಲದು. ತುತ್ತು ಹಾಕಿ ಸಾಕಿದ ನಾಯಿಯೇ, ಸರಿಯಾದ ಆರೈಕೆಯಿಲ್ಲದಿದ್ದಲ್ಲಿ, ಮನೆಯ ಮಕ್ಕಳ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಆದುದರಿಂದ ನಾಯಿಗೆ ಅನ್ನ ಹಾಕುವ ಕೈಯೇ ಅದಕ್ಕೆ ಲಸಿಕೆ ಹಾಕಿಸುವ ಹೊಣೆಯನ್ನೂ ಹೊರಬೇಕು. ಇದೇ ಈ ಪಾಠದ ಸಾರ.

ನಾಯಿಯ ಆಹಾರ

ನಾಯಿಗೆಂದು ಪ್ರತ್ಯೇಕವಾಗಿ ಹಣ ವೆಚ್ಚ ಮಾಡಿ ಆಹಾರ ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಮನೆಯಲ್ಲಿ ಬೇಯುವ ರಾಗಿ, ಅಕ್ಕಿ, ಬೇಳೆಕಾಳುಗಳಿಂದಲೇ ಅದನ್ನು ಚೆನ್ನಾಗಿ ಸಾಕಬಹುದು. ಆದರೆ ಉಳಿದದ್ದನ್ನೆಲ್ಲ ಕಲಸಿ ಸುರಿಯುವುದು ಆರೈಕೆಯಲ್ಲ. ರಾಗಿಮುದ್ದೆ ಅಥವಾ ಅನ್ನ ನಾಯಿಗೆ ಶಕ್ತಿಯನ್ನು ಕೊಡುತ್ತದೆಯಾದರೂ ಮಾಂಸಖಂಡಗಳ ಬೆಳವಣಿಗೆಗೆ ಬೇಕಾದ ಸಸಾರಜನಕವನ್ನು ಸಾಕಷ್ಟು ಒದಗಿಸುವುದಿಲ್ಲ. ಮುದ್ದೆಯ ಜೊತೆಗೆ ಬೇಯಿಸಿದ ಕಾಳು, ಬೇಯಿಸಿದ ಮೊಟ್ಟೆ, ಇಲ್ಲವೇ ಮೂಳೆ ತೆಗೆದ ಬೆಂದ ಮಾಂಸ ಸ್ವಲ್ಪವಾದರೂ ಇರಬೇಕು.

ನಾವು ಉಣ್ಣುವ ಸಾರು ನಾಯಿಗೆ ಹಿತವಲ್ಲ. ಅದರಲ್ಲಿ ಉಪ್ಪು, ಖಾರಗಳಲ್ಲದೆ ಈರುಳ್ಳಿ, ಬೆಳ್ಳುಳ್ಳಿಗಳೂ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ನಾಶಪಡಿಸಿ ರಕ್ತಹೀನತೆಯನ್ನು ಉಂಟುಮಾಡುತ್ತವೆ. ಬೇಯಿಸಿದರೂ ಈ ದೋಷ ಹೋಗುವುದಿಲ್ಲ. ಇದಕ್ಕೆ ಸುಲಭವಾದ ಉಪಾಯವಿದೆ. ಬಸ್ಸಾರಿಗೆಂದು ಕಾಳು, ಸೊಪ್ಪು ಬೇಯಿಸಿದಾಗ, ಮಸಾಲೆ ಕೂಡಿಸಿ ಒಗ್ಗರಣೆ ಹಾಕುವುದಕ್ಕೆ ಮೊದಲೇ ಒಂದು ಸೌಟು ಬೆಂದ ಕಾಳನ್ನು ನಾಯಿಗಾಗಿ ತೆಗೆದಿಡಿ. ಅದನ್ನು ಆರಿದ ಮುದ್ದೆಯೊಡನೆ ಕಿವುಚಿ, ದಿನಕ್ಕೆ ಎರಡು ಹೊತ್ತು, ಗೊತ್ತಾದ ವೇಳೆಯಲ್ಲಿ, ಅದರದೇ ತಟ್ಟೆಯಲ್ಲಿ ಇಡಿ. ಪಕ್ಕದಲ್ಲಿ ಸದಾ ಶುದ್ಧವಾದ ನೀರಿರಲಿ.

ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕಾಫಿ, ಚಹಾ ಮತ್ತು ಹಳಸಿದ ಅಥವಾ ಬೂಷ್ಟು ಹಿಡಿದ ಪದಾರ್ಥಗಳು ನಾಯಿಗೆ ವರ್ಜ್ಯ. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲು, ಕರುಳುಗಳನ್ನು ಗಾಯಗೊಳಿಸುವುದರಿಂದ ಅದನ್ನೂ ಹಾಕಬಾರದು. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಹಾಲು ಇದ್ದಲ್ಲಿ ಮೊದಲು ಮನೆಯ ಮಕ್ಕಳಿಗೆ ಕೊಡಿ.

ಕುರಿ, ಕೋಳಿ ಕೊಯ್ದ ದಿನ

ಮಾರಿಹಬ್ಬದ ದಿನಗಳಲ್ಲಿ, ಬೀಗರೂಟದ ಸಮಯದಲ್ಲಿ ಕುರಿ ಕೊಯ್ದು, ಕೆಟ್ಟಂತೆ ಕಂಡ ಕರಳು, ಪುಪ್ಪುಸಗಳನ್ನು ನಾಯಿಗೆ ಎಸೆಯುವುದು ವಾಡಿಕೆ. ಇದು ಅಪಾಯಕರವಾದ ಅಭ್ಯಾಸ. ಕುರಿಯ ಕರಳಿನಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಅವುಗಳಲ್ಲಿ ಒಂದು ಜಾತಿಯ ಲಾಡಿಹುಳುವಿನ ಮರಿಗಳಿರಬಹುದು. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳುಗಳು ಬೆಳೆದು, ಅವುಗಳ ಮೊಟ್ಟೆಗಳು ಮಲದೊಡನೆ ಹೊರಬೀಳುತ್ತವೆ. ಆ ಮೊಟ್ಟೆಗಳು ಮಣ್ಣು, ಸೊಪ್ಪು, ನಾಯಿಯ ಮೈಕೂದಲು ಇವುಗಳ ಮೂಲಕ ಮನುಷ್ಯನ ಹೊಟ್ಟೆ ಸೇರಿದಲ್ಲಿ ಕರಳಿನಲ್ಲೋ ಪುಪ್ಪುಸದಲ್ಲೋ ಹೈಡಾಟಿಡ್ ಎಂಬ ಗಂಟು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಅನೇಕ ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಇದನ್ನು ತಡೆಯುವುದು ಕಷ್ಟವಲ್ಲ. ಗುಳ್ಳೆಗಳಿರುವ ಭಾಗವನ್ನು ಆಳವಾದ ಗುಂಡಿಯಲ್ಲಿ ಹೂಳಿರಿ. ಹಸಿ ಮಾಂಸವನ್ನು ನಾಯಿಗೆ ಹಾಕಬೇಡಿ. ಪಶುವೈದ್ಯರ ಸಲಹೆಯಂತೆ ನಾಯಿಗೆ ಆಗಾಗ ಜಂತುಹುಳುವಿನ ಔಷಧವನ್ನು ಕೊಡಿಸಿ. ನಾಯಿಯನ್ನು ಮುಟ್ಟಿದ ಮೇಲೆ, ಅಡುಗೆಗೆ ಮುನ್ನ ಹಾಗೂ ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ. ಸೊಪ್ಪುಗಳನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದೇ ಬಳಸಿ.

ಹುಚ್ಚುನಾಯಿ ರೋಗ

ನಾಯಿಯಿಂದ ಬರುವ ರೋಗಗಳಲ್ಲೆಲ್ಲ ಅತ್ಯಂತ ಘೋರವಾದುದು ರೇಬೀಸ್. ಜಲಭೀತಿ ರೋಗವೆಂದೂ ಇದಕ್ಕೆ ಹೆಸರು. ಇದರ ವೈರಾಣುಗಳು ರೋಗಪೀಡಿತ ನಾಯಿಯ ಜೊಲ್ಲಿನಲ್ಲಿರುತ್ತವೆ. ಕಚ್ಚಿದ ಗಾಯದ ಮೂಲಕ ನರಗಳನ್ನು ಹಿಡಿದು ಮಿದುಳನ್ನು ಸೇರುತ್ತವೆ. ರೋಗದ ಚಿಹ್ನೆಗಳು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ಒಂದೇ ವಾರದಲ್ಲಿ, ಮತ್ತೆ ಕೆಲವೊಮ್ಮೆ ವರ್ಷದ ಬಳಿಕ. ಚಿಹ್ನೆಗಳು ಕಾಣಿಸಿಕೊಂಡ ನಂತರ ರೋಗಿ ಬದುಕುಳಿಯುವುದು ಇಲ್ಲವೆಂಬಷ್ಟು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿವರ್ಷ ಸುಮಾರು 59,000 ಮಂದಿ ಇದಕ್ಕೆ ಬಲಿಯಾಗುತ್ತಾರೆ. ಅವರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಜನ ನಮ್ಮ ದೇಶದವರು. ಹೀಗಿದ್ದರೂ ಸಕಾಲದಲ್ಲಿ ಲಸಿಕೆ ಪಡೆದರೆ ಇದನ್ನು ಸಂಪೂರ್ಣವಾಗಿ ತಡೆಯಬಹುದು. 2022ರಲ್ಲಿ ಕರ್ನಾಟಕ ಸರ್ಕಾರವು ಮನುಷ್ಯರಲ್ಲಿನ ರೇಬೀಸನ್ನು ಅಧಿಸೂಚಿತ ರೋಗವೆಂದು ಘೋಷಿಸಿತು.

ಹುಚ್ಚು ಹಿಡಿದ ನಾಯಿಯೆಂದರೆ ಬೊಗಳುತ್ತ, ಕಂಡಕಂಡವರನ್ನು ಕಚ್ಚುತ್ತ ಓಡಾಡುವ ನಾಯಿ ಎಂದು ಮಾತ್ರ ತಿಳಿಯಬಾರದು. ಮಂಕು ಹಿಡಿದಂತೆ ಮೂಲೆಯಲ್ಲಿ ಮಲಗಿ, ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ಆಹಾರವನ್ನು ನುಂಗಲಾರದೆ ಇರುವ ನಾಯಿಗೂ ಇದೇ ರೋಗವಿರಬಹುದು. ಗಂಟಲಿನಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ಭಾವಿಸಿ ಮನೆಯವರು ಅದರ ಬಾಯಿಗೆ ಕೈಹಾಕಿ ಆಪತ್ತಿಗೆ ಸಿಲುಕುವುದುಂಟು. ಅಂತಹ ನಾಯಿಯನ್ನು ಮುಟ್ಟದೆ, ಕೂಡಲೇ ಪಶುವೈದ್ಯರಿಗೆ ತಿಳಿಸಿ. ನಾಯಿಮರಿಗಳಿಗೂ ಈ ರೋಗ ಬರುತ್ತದೆ. ಮರಿ ತಾನೇ ಕಚ್ಚಿದ್ದು ಎಂಬ ಉದಾಸೀನ ಸಲ್ಲದು.

ನಾಯಿ ಕಚ್ಚಿದಾಗ ಮಾಡಬೇಕಾದುದು

1. ಗಾಯವನ್ನು ತಕ್ಷಣವೇ ಸಾಬೂನು ಮತ್ತು ಹರಿಯುವ ನೀರಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ. ನಲ್ಲಿಯಿಲ್ಲದಿದ್ದರೆ ಒಬ್ಬರು ಚೆಂಬಿನಿಂದ ನೀರು ಹೊಯ್ಯುತ್ತಿರಲಿ. ಇದರಿಂದ ಗಾಯದಲ್ಲಿರುವ ವೈರಾಣುಗಳು ಬಹುಮಟ್ಟಿಗೆ ನಾಶವಾಗುತ್ತವೆ.

2. ಸುಣ್ಣ, ಮೆಣಸಿನಪುಡಿ, ಅರಿಶಿನ, ಕಾಫಿಪುಡಿ, ಎಣ್ಣೆ ಮುಂತಾದುವನ್ನು ಹಚ್ಚಬೇಡಿ, ಬರೆ ಹಾಕಬೇಡಿ, ಬಟ್ಟೆ ಕಟ್ಟಬೇಡಿ.

3. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ರಕ್ತ ಬಾರದ ಸಣ್ಣ ಪರಚುಗಾಯಕ್ಕೂ ಲಸಿಕೆ ಅವಶ್ಯಕ. ರಕ್ತ ಬಂದಿದ್ದರೆ, ಅಥವಾ ನಾಯಿ ಗಾಯವನ್ನೋ ಬಾಯಿ, ಕಣ್ಣುಗಳನ್ನೋ ನೆಕ್ಕಿದ್ದರೆ, ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ರಕ್ಷಕ ಔಷಧವನ್ನೂ ಕೊಡಬೇಕಾಗುತ್ತದೆ. ರಕ್ತ ಬಂದ ಗಾಯವಾಗಿದ್ದರೆ ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ.

4. ನಾಯಿಗೆ ಹುಚ್ಚಿದೆಯೋ ಇಲ್ಲವೋ ನೋಡೋಣವೆಂದು ಕಾಯಬೇಡಿ. ಲಸಿಕೆಯನ್ನು ಆರಂಭಿಸಿ, ನಾಯಿಯನ್ನು 10 ದಿನ ಕಟ್ಟಿಹಾಕಿ ಗಮನಿಸಿ, ವೈದ್ಯರಿಗೆ ವರದಿ ಮಾಡಿ. ನಾಯಿಯನ್ನು ಕೊಂದುಬಿಟ್ಟರೆ ಈ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ.

5. ವೈದ್ಯರು ಹೇಳಿದ ದಿನಗಳಂದು ತಪ್ಪದೆ ಹೋಗಿ. ಚರ್ಮದ ಒಳಪದರಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನವೂ, ಆ ಬಳಿಕ 3, 7 ಮತ್ತು 28 ದಿನಗಳು ಕಳೆದಾಗಲೂ, ಒಟ್ಟು ನಾಲ್ಕು ಸಲ ಲಸಿಕೆ ಹಾಕಲಾಗುತ್ತದೆ. ಗಾಯ ಮಾಯಿತೆಂದು ನಡುವೆ ನಿಲ್ಲಿಸಬಾರದು.

ಹೊಕ್ಕುಳಿನ ಸುತ್ತ 14 ಚುಚ್ಚುಮದ್ದು ಎಂಬ ಭಯ ಈಗಲೂ ಅನೇಕ ಹಿರಿಯರ ಮನಸ್ಸಿನಲ್ಲಿದೆ. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಸ್ಚರರು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಬಾರಿ ಲಸಿಕೆ ಕೊಟ್ಟ ನಂತರ ಈ ವಿದ್ಯೆ ಬಹು ದೂರ ಸಾಗಿದೆ. ದಕ್ಷಿಣ ಭಾರತದವರಿಗೆ ಈ ಚಿಕಿತ್ಸೆ ದೊರೆಯಲೆಂದು 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ಸ್ಥಾಪಿತವಾಯಿತು. ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆಯನ್ನು 2005ರ ವೇಳೆಗೆ ನಮ್ಮ ದೇಶದಲ್ಲಿ ಕೈಬಿಡಲಾಗಿದೆ. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ, ನೋವು ಅಲ್ಪ.

ಗರ್ಭಿಣಿಯರು ಮತ್ತು ಬಾಣಂತಿಯರು

"ಬಸುರಿ ಹೆಂಗ್ಸಿಗೆ ಈ ಸೂಜಿ ಹಾಕ್ಬೋದಾ ಡಾಕ್ಟ್ರೇ? ಹೊಟ್ಟೇಲಿರೋ ಕೂಸಿಗೇನೂ ಆಗಕಿಲ್ವಾ?" ಎಂದು ಸೊಸೆಯನ್ನು ಕರೆತಂದ ಅತ್ತೆಯರು ಆತಂಕದಿಂದ ಕೇಳುವುದುಂಟು. ಹೆರಿಗೆಯಾದ ಮೇಲೆ ನೋಡಿಕೊಳ್ಳೋಣವೆಂದು ಸುಮ್ಮನಾಗುವವರೂ ಇದ್ದಾರೆ. ಈ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ರೇಬೀಸ್ ಲಸಿಕೆಯೂ ಇಮ್ಯುನೋಗ್ಲಾಬ್ಯುಲಿನ್ ಔಷಧವೂ ಗರ್ಭಿಣಿಗೆ, ಗರ್ಭದಲ್ಲಿರುವ ಶಿಶುವಿಗೆ, ಮೊಲೆಯೂಡಿಸುವ ತಾಯಿಗೆ ಸುರಕ್ಷಿತ. ಲಸಿಕೆಯನ್ನು ಮುಂದೂಡಿದರೆ ತಾಯಿ, ಮಗು ಎರಡು ಜೀವಗಳಿಗೂ ಅಪಾಯ. ಇಂತಹ ಸಂದರ್ಭದಲ್ಲಿ ಪತಿಯು ಹಿರಿಯರಿಗೆ ವಿಷಯವನ್ನು ತಿಳಿಯಹೇಳಿ, ಪತ್ನಿಯನ್ನು ತಾನೇ ಆಸ್ಪತ್ರೆಗೆ ಕರೆತರುವುದು ಅವನ ಕರ್ತವ್ಯ.

ಮಕ್ಕಳ ಬಗ್ಗೆ ಎಚ್ಚರಿಕೆ

ಹುಚ್ಚಿನ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಮಗು ಕುಳ್ಳಗಿರುವುದರಿಂದ ಮುಖಕ್ಕೂ ತಲೆಗೂ ಗಾಯವಾಗುವ ಸಂಭವ ಹೆಚ್ಚು. ಗಾಯ ಮಿದುಳಿಗೆ ಹತ್ತಿರವಾದಷ್ಟೂ ರೋಗ ಬೇಗ ಬರುತ್ತದೆ. ಉಣ್ಣುತ್ತಿರುವ, ಮಲಗಿರುವ, ಮರಿಗಳಿಗೆ ಹಾಲೂಡುತ್ತಿರುವ ನಾಯಿಯ ಬಳಿ ಹೋಗಬಾರದೆಂದು ಮಕ್ಕಳಿಗೆ ಕಲಿಸಿರಿ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ನಾಯಿಯನ್ನು ಕೆಣಕಿದ್ದಕ್ಕೆ ಏಟು ಬೀಳುವುದೆಂಬ ಹೆದರಿಕೆಯಿಂದ ಎಷ್ಟೋ ಮಕ್ಕಳು ಕಚ್ಚಿದ ಸಂಗತಿಯನ್ನು ಮುಚ್ಚಿಡುತ್ತವೆ. ಗಾಯ ತಾನಾಗಿ ಒಣಗುತ್ತದೆ. ತಾಯಿತಂದೆಯರಿಗೆ ತಿಳಿಯುವ ವೇಳೆಗೆ ಕಾಲ ಮಿಂಚಿರುತ್ತದೆ. ಆದುದರಿಂದ 'ನಾಯಿ ಪರಚಿದರೂ ಬಂದು ಹೇಳು, ಬೈಯುವುದಿಲ್ಲ' ಎಂದು ಮಗುವಿಗೆ ಮೊದಲೇ ಧೈರ್ಯ ಹೇಳಿಡಿ. ಹೇಳಿದ ದಿನ ಆ ಮಾತಿನಂತೆ ನಡೆದುಕೊಳ್ಳಿ.

ನಾಯಿಗೆ ಲಸಿಕೆ, ಮರಿಗಳಿಗೆ ಮಿತಿ

ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆ, ಆ ಮೇಲೆ ಪಶುವೈದ್ಯರು ತಿಳಿಸಿದಂತೆ ಮರುಲಸಿಕೆ, ನಂತರ ವರ್ಷಕ್ಕೊಮ್ಮೆ ತಪ್ಪದೆ ಲಸಿಕೆ ಹಾಕಿಸಬೇಕು. ಪ್ರತಿವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನವನ್ನು ಆಚರಿಸುತ್ತಾರೆ. ವರ್ಷದ ಲಸಿಕೆಯನ್ನು ನೆನಪಿಡಲು ಇದು ಒಳ್ಳೆಯ ದಿನ.

ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಸುಮಾರು ಒಂಬತ್ತು ವಾರಗಳ ಗರ್ಭದ ನಂತರ ಒಂದೊಂದು ಸೂಲಿಗೂ ಹಲವು ಮರಿಗಳನ್ನು ಹಾಕುತ್ತದೆ. ಸಾಕಲಾರದೆ ಅವುಗಳನ್ನು ಸಂತೆಮಾಳದಲ್ಲೋ, ಹ್ಯಾಂಡ್‌ಪೋಸ್ಟ್‌ನಂತಹ ಕೂಡುರಸ್ತೆಯಲ್ಲೋ ಬಿಟ್ಟುಬರುವುದು ನಿರ್ದಯೆ, ಊರಿಗೂ ಅಪಾಯ. ಲಸಿಕೆಯಿಲ್ಲದೆ ಬೀದಿಯಲ್ಲಿ ಬೆಳೆದ ಮರಿಯೇ ನಾಳೆ ಶಾಲೆಗೆ ಹೋಗುವ ಮಗುವನ್ನು ಕಚ್ಚಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ನಾಯಿಗೂ ಉಂಟು. ಪಶುವೈದ್ಯರನ್ನು ಕೇಳಿ ಮಾಡಿಸಿ. ಮಿತಸಂತಾನದ ಹಿತವನ್ನು ಅರಿತ ದಂಪತಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾಗರಹೊಳೆ, ಬಂಡೀಪುರ ಕಾಡುಗಳ ಅಂಚಿನವರು ನಾಯಿಯನ್ನು ರಾತ್ರಿ ಬಯಲಿನಲ್ಲಿ ಕಟ್ಟಿಹಾಕಬಾರದು. ಅದು ಚಿರತೆಯನ್ನು ಮನೆಬಾಗಿಲಿಗೆ ಕರೆದಂತೆ. ಕಾಡಿಗೂ ಅದನ್ನು ಬಿಡಬಾರದು. ನಾಯಿಯ ರೋಗಗಳು ಸೀಳುನಾಯಿ ಮೊದಲಾದ ವನ್ಯಪ್ರಾಣಿಗಳಿಗೂ ಹರಡುತ್ತವೆ.

ನೆನಪಿನಲ್ಲಿಡಿ

• ನಾಯಿಯ ತುತ್ತು: ಒಗ್ಗರಣೆಗೆ ಮುಂಚೆ ತೆಗೆದಿಟ್ಟ ಕಾಳು, ಆರಿದ ಮುದ್ದೆ, ಶುದ್ಧ ನೀರು.
• ಹಸಿ ಕರಳು, ಬೆಂದ ಕೋಳಿಮೂಳೆ, ಈರುಳ್ಳಿ ಬೆರೆತ ಸಾರು ಬೇಡ.
• ಕಚ್ಚಿದರೆ 15 ನಿಮಿಷ ಸಾಬೂನು ನೀರು. ಅದೇ ದಿನ ಆಸ್ಪತ್ರೆ.
• ಗರ್ಭಿಣಿಗೂ ಬಾಣಂತಿಗೂ ಲಸಿಕೆ ಸುರಕ್ಷಿತ.
• ವರ್ಷಕ್ಕೊಮ್ಮೆ ನಾಯಿಗೆ ಲಸಿಕೆ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯ ನಾಯಿಗೆ ಕಡೆಯ ಸಲ ಲಸಿಕೆ ಹಾಕಿಸಿದ್ದು ಯಾವಾಗ? ಆ ದಿನಾಂಕವನ್ನು ಎಲ್ಲಿ ಬರೆದಿಟ್ಟಿದ್ದೇವೆ?
2. ನಾಯಿ ಕಚ್ಚಿದರೆ ನಮ್ಮ ಮಗು ಹೆದರದೆ ಬಂದು ಹೇಳುವುದೇ?
3. ರಾತ್ರಿಯ ವೇಳೆ ಕಚ್ಚಿದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಹೋಗುವುದು?