ಬುರುಜಿನ ಆಟವೂ ಮರು ಆಟವೂ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆಟದ ವಿಷಯ ಬರೆಯುವವರು ಕ್ರಿಕೆಟ್ಟನ್ನೋ ಕಬಡ್ಡಿಯನ್ನೋ ಕುರಿತು ಬರೆಯುವುದು ವಾಡಿಕೆ. ನಾನು ಬರೆಯಹೊರಟಿರುವುದು ಮೊಬೈಲ್ ಫೋನಿನಲ್ಲಿ ಆಡುವ ಆಟವೊಂದನ್ನು ಕುರಿತು. ಇದನ್ನು ಕಂಡು ನಮ್ಮ ಅಧ್ಯಾಪಕರು ಹುಬ್ಬು ಗಂಟಿಕ್ಕಿದರೆ ಅವರದು ತಪ್ಪಲ್ಲ. ಪರೀಕ್ಷೆಯ ಹಿಂದಿನ ವಾರದಲ್ಲಿಯೂ ಈ ಆಟವನ್ನು ಬಿಡದವನು ನಾನು. ಕಾಲ ಕಳೆದುದಂತೂ ಆಯಿತು. ಕಲಿತದ್ದೇನಾದರೂ ಇದ್ದರೆ ಅದನ್ನು ಸಹಪಾಠಿಗಳ ಮುಂದಿಡುವುದು ಮೇಲೆಂದು ಈ ಪ್ರಯತ್ನ.

ಟವರ್ ಡಿಫೆನ್ಸ್ ಎಂಬ ಹೆಸರಿನ ಈ ಜಾತಿಯ ಆಟಗಳ ತಿರುಳು ಸರಳವಾದುದು. ಒಂದು ದಾರಿ, ಅದರ ಒಂದು ತುದಿಯಿಂದ ಶತ್ರುಗಳು ತಂಡತಂಡವಾಗಿ ಬರುತ್ತಾರೆ. ಈ ತಂಡಕ್ಕೆ ಅಲೆಯೆಂದು ಹೆಸರು. ಅವರು ಇನ್ನೊಂದು ತುದಿಯನ್ನು ಮುಟ್ಟದಂತೆ ದಾರಿಯ ಬದಿಯಲ್ಲಿ ಬುರುಜುಗಳನ್ನು ಕಟ್ಟಿ ತಡೆಯಬೇಕು. ಹೊಡೆಯುವ ಕೆಲಸ ಬುರುಜಿನದು. ಎಲ್ಲಿ, ಯಾವುದನ್ನು, ಯಾವಾಗ ಕಟ್ಟಬೇಕೆಂಬ ತೀರ್ಮಾನ ಆಡುವವನದು. 1990ರಲ್ಲಿ ಅಟಾರಿ ಸಂಸ್ಥೆಯು ಹೊರತಂದ 'ರಾಂಪಾರ್ಟ್' ಎಂಬ ಆಟವನ್ನು ಇವುಗಳ ಪೂರ್ವಜನೆಂದು ಎಣಿಸುವುದುಂಟು. 2007ರಲ್ಲಿ ಪಾಲ್ ಪ್ರೀಸ್ ಎಂಬವರ 'ಡೆಸ್ಕ್‌ಟಾಪ್ ಟವರ್ ಡಿಫೆನ್ಸ್' ಬಂದ ಮೇಲಂತೂ ಇವು ಬಹಳ ಜನರಿಗೆ ಪರಿಚಿತವಾದುವು. ನಾನಿಲ್ಲಿ ಅಭ್ಯಾಸಕ್ಕೆ ತೆಗೆದುಕೊಂಡಿರುವುದು 'ಕಿಂಗ್‌ಡಮ್ ರಶ್' ಎಂಬುದನ್ನು. ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಐರನ್‌ಹೈಡ್ ಸಂಸ್ಥೆಯವರು ಇದನ್ನು 2011ರಲ್ಲಿ ಪ್ರಕಟಿಸಿದರು.

ಈ ಆಟದಲ್ಲಿ ಬುರುಜುಗಳು ನಾಲ್ಕು ಬಗೆ. ಬಿಲ್ಲುಗಾರರ ಬುರುಜಿಗೆ 70 ಹೊನ್ನು. ಅದು ಬೇಗಬೇಗ ಹೊಡೆಯುತ್ತದೆ, ಹಾರುವ ಶತ್ರುವನ್ನೂ ಬಿಡುವುದಿಲ್ಲ. ಸೈನಿಕರ ಠಾಣೆಗೂ 70. ಅದರಿಂದ ಹೊರಬರುವ ಮೂವರು ದಾರಿಗೆ ಅಡ್ಡನಿಂತು ಶತ್ರುವನ್ನು ತಡೆದು ನಿಲ್ಲಿಸುತ್ತಾರೆ. ಮಂತ್ರವಾದಿಯ ಬುರುಜಿಗೆ 100. ಕವಚ ತೊಟ್ಟವರಿಗೆ ಬಾಣ ನಾಟದಿದ್ದರೂ ಮಂತ್ರ ನಾಟುತ್ತದೆ. ಫಿರಂಗಿಯ ಬುರುಜಿಗೆ 125. ಅದು ನಿಧಾನವಾದರೂ ಒಂದೇ ಗುಂಡಿಗೆ ಗುಂಪನ್ನೇ ಕೆಡವಬಲ್ಲದು. ಆದರೆ ಹಾರುವವರಿಗೆ ಆ ಗುಂಡು ತಾಗದು. ಠಾಣೆಯ ಸೈನಿಕರೂ ಅವರನ್ನು ತಡೆಯಲಾರರು. ಕಟ್ಟಲು ನಿವೇಶನಗಳು ಮೊದಲೇ ಗೊತ್ತಾಗಿವೆ, ಹೊಸದನ್ನು ಮಾಡಿಕೊಳ್ಳುವಂತಿಲ್ಲ. ಶತ್ರುವನ್ನು ಕೊಂದರೆ ಹೊನ್ನು ಬರುತ್ತದೆ. ಮುಂದಿನ ಅಲೆಯನ್ನು ಹೊತ್ತಿಗೆ ಮುಂಚೆ ಕರೆದರೆ ಇನ್ನಷ್ಟು ಬರುತ್ತದೆ. ಕಟ್ಟಿದ್ದನ್ನು ಮಾರಬಹುದು, ಆದರೆ ಕೊಟ್ಟ ಹಣವೆಲ್ಲ ಹಿಂದಕ್ಕೆ ಬಾರದು. ಅರ್ಥಶಾಸ್ತ್ರದ ತರಗತಿಯಲ್ಲಿ 'ಅವಕಾಶ ವೆಚ್ಚ'ವೆಂದು ನಮಗೆ ಹೇಳಿಕೊಟ್ಟದ್ದು ಇದನ್ನೇ ಅಲ್ಲವೆ? ಎರಡು ಫಿರಂಗಿ ಕಟ್ಟಿದವನು ಮೂರು ಬಿಲ್ಲುಗಾರರ ಬುರುಜುಗಳನ್ನು ಕಳೆದುಕೊಂಡನೆಂದೇ ಲೆಕ್ಕ.

ಇಷ್ಟನ್ನೂ ಬಲ್ಲ ನಾನು ಒಂದು ಕಣದಲ್ಲಿ ಏಳು ಸಲ ಸೋತೆ. ತಿರುವಿನಲ್ಲಿ ಎರಡು ಫಿರಂಗಿ ನಿಲ್ಲಿಸಿಬಿಟ್ಟರೆ ಅರ್ಧ ಯುದ್ಧ ಗೆದ್ದಂತೆಯೇ ಎಂಬುದು ನನ್ನ ನಂಬಿಕೆ. ನಡೆದು ಬಂದವರೆಲ್ಲ ಅಲ್ಲಿ ಮಡಿಯುತ್ತಿದ್ದರು. ಆಮೇಲೆ ಗಾರ್ಗಾಯಿಲ್ ಎಂಬ ರೆಕ್ಕೆಯ ರಾಕ್ಷಸರು ಬಂದು ನನ್ನ ಫಿರಂಗಿಗಳ ತಲೆಯ ಮೇಲೆಯೇ ಹಾರಿಹೋಗುತ್ತಿದ್ದರು. ಪ್ರತಿ ಸಲವೂ ಬೆರಳು ನಿಧಾನವಾಯಿತೆಂದೋ ಹೊನ್ನು ಸಾಲದೆ ಹೋಯಿತೆಂದೋ ಸಮಾಧಾನ ಹೇಳಿಕೊಂಡು ಮತ್ತೆ ಮೊದಲಿನಿಂದ ಆಡುತ್ತಿದ್ದೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನ್ನ ತಂಗಿ ಏಳನೆಯ ಸೋಲಿನ ನಂತರ, "ಅಣ್ಣಾ, ಅವು ಪ್ರತಿ ಸಲಾನೂ ಅಲ್ಲಿಂದ್ಲೇ ಬರ್ತವೆ. ನೀನೂ ಪ್ರತಿ ಸಲಾನೂ ಅದನ್ನೇ ಕಟ್ತೀಯ. ಸೋಲ್ದೆ ಇನ್ನೇನಾಗುತ್ತೆ?" ಎಂದಳು.

ಮಾತು ಚುಚ್ಚಿತು, ಆದರೆ ಆಟದ ಮರ್ಮವೆಲ್ಲ ಆ ಮಾತಿನಲ್ಲಿತ್ತು. ನಮ್ಮ ಹುಲಿ-ಕುರಿ ಆಟವನ್ನು ನೆನೆಯಿರಿ. ಅಲ್ಲಿ ಎದುರಿಗೆ ಕುಳಿತವನು ಇಂದು ಒಂದು ನಡೆ ನಡೆಸಿದರೆ ನಾಳೆ ಇನ್ನೊಂದು ನಡೆಸಿಯಾನು. ಇಲ್ಲಿ ಹಾಗಲ್ಲ. ಒಂದು ಕಣದಲ್ಲಿ ಎಷ್ಟನೆಯ ಅಲೆಗೆ ಯಾರು ಬರಬೇಕೆಂಬುದು ಮೊದಲೇ ನಿಶ್ಚಿತವಾಗಿದೆ. ಶತ್ರು ಬದಲಾಗುವುದಿಲ್ಲವಾದ್ದರಿಂದ ಬದಲಾಗಬೇಕಾದವನು ಆಡುವವನೇ. ಎಂಟನೆಯ ಸಲ ನಾನು ಗೆಲ್ಲಲು ಆಡಲಿಲ್ಲ, ನೋಡಲು ಆಡಿದೆ. ಹಾಳೆಯೊಂದರ ಮೇಲೆ ಅಲೆಯ ಸಂಖ್ಯೆ, ಬಂದವರಾರು, ಯಾವ ಬುರುಜು ಸುಮ್ಮನೆ ನಿಂತಿತು ಎಂಬುದನ್ನು ಬರೆದುಕೊಂಡೆ. ಒಂಬತ್ತನೆಯ ಸಲ ಒಂದು ಫಿರಂಗಿಯನ್ನು ಕೈಬಿಟ್ಟು ಆ ಜಾಗದಲ್ಲಿ ಬಿಲ್ಲುಗಾರರನ್ನು ನಿಲ್ಲಿಸಿದೆ. ಗೆದ್ದೆ.

ಈಗ ಮರು ಆಟದ ಮಾತಿಗೆ ಬರೋಣ. 'ಮತ್ತೆ ಆಡು' ಎಂಬ ಗುಂಡಿ ಒಂದೇ ಆದರೂ ಮತ್ತೆ ಆಡುವ ಬಗೆಗಳು ಹಲವು. ಮೊದಲನೆಯದು ನಕ್ಷತ್ರಗಳಿಗಾಗಿ ಆಡುವುದು. ಆರಂಭದಲ್ಲಿ 20 ಜೀವಗಳಿರುತ್ತವೆ. ಕೊನೆಗೆ 18 ಅಥವಾ ಹೆಚ್ಚು ಉಳಿದರೆ ಮೂರು ನಕ್ಷತ್ರ. 6ರಿಂದ 17 ಉಳಿದರೆ ಎರಡು. ಅದಕ್ಕೂ ಕಡಮೆಯಾದರೆ ಒಂದೇ. ಗೆಲುವಿನಲ್ಲಿಯೂ ದರ್ಜೆಗಳಿವೆಯೆಂದು ಇದರ ತಾತ್ಪರ್ಯ. ಮೂರು ನಕ್ಷತ್ರ ಪಡೆದವನಿಗೆ ಅದೇ ಕಣದಲ್ಲಿ ಇನ್ನೆರಡು ಸವಾಲುಗಳು ತೆರೆಯುತ್ತವೆ. 'ಹೀರೋಯಿಕ್' ಎಂಬುದರಲ್ಲಿ ಆರೇ ಅಲೆಗಳು, ಜೀವ ಒಂದೇ. 'ಐರನ್' ಎಂಬುದರಲ್ಲಿ ಒಂದೇ ಮಹಾ ಅಲೆ, ಜೀವವೂ ಒಂದೇ, ಅಲ್ಲದೆ ಕೆಲವು ಬಗೆಯ ಬುರುಜುಗಳನ್ನು ಕಟ್ಟುವಂತೆಯೇ ಇಲ್ಲ. ಯಾವುದನ್ನು ನೆಚ್ಚಿಕೊಂಡು ಗೆದ್ದಿದ್ದೆವೋ ಅದನ್ನೇ ಕಸಿದುಕೊಂಡು, 'ಈಗ ಗೆಲ್ಲು ನೋಡೋಣ' ಎಂದಂತೆ! ದಾರಿ ಅದೇ, ನಿವೇಶನಗಳು ಅವೇ; ಕೇಳುವ ಪ್ರಶ್ನೆ ಮಾತ್ರ ಬೇರೆ. ಗಳಿಸಿದ ನಕ್ಷತ್ರಗಳನ್ನು ತೆತ್ತು ಬುರುಜುಗಳ ಶಕ್ತಿಯನ್ನು ಹೆಚ್ಚಿಸಿಕೊಳ್ಳಬಹುದು. ಆ ಹಂಚಿಕೆ ತಪ್ಪೆನಿಸಿದರೆ ನಕ್ಷತ್ರಗಳನ್ನು ಪೂರ್ತಿಯಾಗಿ ಹಿಂಪಡೆದು ಬೇರೆ ರೀತಿಯಲ್ಲಿ ಹಂಚಬಹುದು. ಮಾರಿದ ಬುರುಜಿಗೆ ನಷ್ಟವುಂಟು. ಬದಲಿಸಿದ ಅಭಿಪ್ರಾಯಕ್ಕೆ ನಷ್ಟವಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು.

2008ರಲ್ಲಿ ಬಂದ 'ಡಿಫೆನ್ಸ್ ಗ್ರಿಡ್' ಎಂಬ ಆಟದಲ್ಲಿ ಇನ್ನೊಂದು ಅನುಕೂಲವಿದೆ. ಆಟದ ನಡುವೆಯೇ ಹಿಂದಿನ ಒಂದು ಹಂತಕ್ಕೆ ಮರಳಿ ಅಲ್ಲಿಂದ ಮುಂದುವರಿಸಬಹುದು. ತಪ್ಪಿನ ಹತ್ತಿರಕ್ಕೇ ಹೋಗಿ ಅದನ್ನು ತಿದ್ದಲು ಇದು ಒಳ್ಳೆಯ ಉಪಾಯ. ಆದರೆ ತಪ್ಪು ಮೊದಲ ಹೊನ್ನನ್ನು ಖರ್ಚುಮಾಡಿದಾಗಲೇ ಆಗಿದ್ದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಪ್ರಯೋಜನವಿಲ್ಲ, ಬುಡದಿಂದಲೇ ಆರಂಭಿಸಬೇಕು. ತಪ್ಪು ಎಲ್ಲಿ ಆಯಿತೆಂದು ತಿಳಿಯದವನಿಗೆ ಯಾವ ಸೌಕರ್ಯವೂ ಒದಗದು.

ಆದುದರಿಂದ ಆಡುವ ಗೆಳೆಯರಲ್ಲಿ ನನ್ನ ವಿನಂತಿ ಮೂರು. ಸೋತೊಡನೆ ಗುಂಡಿ ಒತ್ತಬೇಡಿ. ಯಾರು, ಎಲ್ಲಿ ನುಸುಳಿದರೆಂದು ಹೇಳಬಲ್ಲಿರಾ, ನೋಡಿಕೊಳ್ಳಿ. ಮರು ಆಟದಲ್ಲಿ ಒಂದನ್ನು ಮಾತ್ರ ಬದಲಿಸಿ. ಹತ್ತನ್ನು ಬದಲಿಸಿದರೆ ಯಾವುದರಿಂದ ಗೆದ್ದಿರೆಂದು ತಿಳಿಯದು. ಗೆದ್ದ ಕಣಕ್ಕೂ ಒಮ್ಮೆ ಮರಳಿ. ಆ ಗೆಲುವು ನಿಮ್ಮದೋ ಫಿರಂಗಿಯದೋ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ನಾನು ಎರಡು ಸಲ ನಪಾಸಾದವನು. ಎರಡನೆಯ ಸಲಕ್ಕೆ ಹಗಲಿರುಳು ಓದಿದೆನೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ತಂಗಿಯ ಮಾತು ಕೇಳಿದ ರಾತ್ರಿ ನನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದೆ. ಸರಾಸರಿ, ಮಧ್ಯಾಂಕ, ಬಹುಲಕಗಳ ಪುಟಗಳು ಮುಟ್ಟಿ ಮುಟ್ಟಿ ಮಾಸಿದ್ದುವು. ಸಹಸಂಬಂಧದಿಂದ ಮುಂದಿನ ಪುಟಗಳು ಹೊಸದರಂತೆಯೇ ಇದ್ದುವು. ಬಲ್ಲದ್ದನ್ನೇ ಮತ್ತೆ ಓದಿದ್ದೆ. ಗಾರ್ಗಾಯಿಲ್‌ಗಳು ಅಲ್ಲಿಂದಲೇ ಹಾರಿಹೋಗಿದ್ದುವು.

ಈ ಸಲ ಆ ಪುಟಗಳಿಂದಲೇ ಆರಂಭಿಸಿದೆ. ಮೂರನೆಯ ಸಲ ಪರೀಕ್ಷೆ ಬರೆದಾಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಬಂದ ದಿನ ಮೊದಲು ಹೇಳಬೇಕಾದುದು ತಂಗಿಗೆ.