ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಏಕೆ ಹತ್ತಿಕೊಳ್ಳುವುದಿಲ್ಲ?



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಕೊಡಬೇಕೆಂದು ಮೇಷ್ಟ್ರು ಹೇಳಿದಾಗ ರಾಕೆಟ್ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಆಗಸ್ಟ್ 14ರ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದರೆ ಎಲ್ಲರಿಗೂ ಉಪಯೋಗವಾಗುತ್ತದೆ ಎಂದು ಈ ವಿಷಯ ಆರಿಸಿಕೊಂಡೆ.

ನಮ್ಮ ಅಮ್ಮ ಬಟ್ಟೆ ಇಸ್ತ್ರಿ ಮಾಡುತ್ತಾರೆಂದು ನಿಮಗೆಲ್ಲ ಗೊತ್ತು. ನಮ್ಮದು ಇದ್ದಿಲು ತುಂಬುವ ಹಿತ್ತಾಳೆ ಪೆಟ್ಟಿಗೆ. ಅವತ್ತು ಮಾರನೇ ದಿನದ ಧ್ವಜಾರೋಹಣಕ್ಕೆ ಅರ್ಧ ಶಾಲೆಯ ಯೂನಿಫಾರಂ ನಮ್ಮ ಮನೆಯಲ್ಲೇ ಇತ್ತು. ಸಾಯಂಕಾಲದಿಂದ ಜೋರು ಮಳೆ, ಕರೆಂಟೂ ಇಲ್ಲ. ನಾನು ಕಡ್ಡಿ ಮೇಲೆ ಕಡ್ಡಿ ಗೀರಿದೆ. ಕಾಗದವೆಲ್ಲ ಉರಿದು ಬೂದಿಯಾಯಿತು, ಇದ್ದಿಲು ಮಾತ್ರ ಹತ್ತಲಿಲ್ಲ. ಜಗುಲಿಗೆ ಎರಚಲು ಹೊಡೆಯುತ್ತಿದೆ ಅಂತ ಪೆಟ್ಟಿಗೆಯನ್ನು ಒಳಕ್ಕೆ ತಂದೆ. ಗಾಳಿ ಬರಬಾರದು ಅಂತ ಬಾಗಿಲು, ಕಿಟಕಿ ಎರಡನ್ನೂ ಹಾಕಿದೆ. ಒಲೆಯಿಂದ ನಾಲ್ಕು ಕೆಂಡ ತಂದು ಹಾಕಿ ಊದಿದೆ. ಅರೆಬರೆ ಹತ್ತಿತು.

ಸ್ವಲ್ಪ ಹೊತ್ತಿಗೆ ನನಗೆ ತಲೆ ಭಾರವಾಗಿ ವಾಂತಿ ಬಂದ ಹಾಗಾಯಿತು. ಅಮ್ಮ “ಯಾಕೋ ತಲೆ ಸಿಡೀತಾ ಇದೆ ಕಣೇ” ಅಂತ ಗೋಡೆಗೆ ಒರಗಿ ಕುಳಿತುಬಿಟ್ಟರು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಬಂದ ಅಜ್ಜಿ “ಅಯ್ಯೋ, ಕೆಂಡ ಒಳಗಿಟ್ಕೊಂಡು ಬಾಗ್ಲು ಹಾಕ್ಕೊಂಡಿದ್ದೀರಲ್ರೇ!” ಎಂದು ಕೂಗಿ, ಬಾಗಿಲು ತೆಗೆದು ನಮ್ಮಿಬ್ಬರನ್ನೂ ಜಗುಲಿಗೆ ಎಳೆದರು. ಮಳೆಯಲ್ಲಿ ನೆನೆದರೂ ಸರಿ, ಆಮೇಲೆ ಉಸಿರು ಬಂದಂತಾಯಿತು.

ಇದ್ದಿಲು ಹತ್ತಲಿಲ್ಲವೇಕೆ? ಹತ್ತಿದ ಮೇಲೆ ನಮಗೆ ತಲೆ ತಿರುಗಿದ್ದೇಕೆ? ಈ ಎರಡು ಪ್ರಶ್ನೆಗಳಿಗೂ ನಮ್ಮ ವಿಜ್ಞಾನ ಪಾಠದಲ್ಲಿಯೇ ಉತ್ತರವಿದೆ.

ಬೆಂಕಿಗೆ ಬೇಕಾದ ಮೂರು

ಯಾವುದೇ ವಸ್ತು ಉರಿಯಬೇಕಾದರೆ ಮೂರು ಬೇಕು: ಉರಿಯುವ ವಸ್ತು, ಸಾಕಷ್ಟು ಶಾಖ, ಗಾಳಿಯಲ್ಲಿರುವ ಆಮ್ಲಜನಕ. ಗಾಳಿಯಲ್ಲಿ ಆಮ್ಲಜನಕ ಇರುವುದು ಸುಮಾರು ಶೇಕಡಾ 21 ಮಾತ್ರ. ಮೂರರಲ್ಲಿ ಒಂದು ಕಡಿಮೆಯಾದರೂ ಬೆಂಕಿ ಹತ್ತುವುದಿಲ್ಲ. ಆದ್ದರಿಂದ ಇದ್ದಿಲು ಹತ್ತದಿದ್ದರೆ ಕಡ್ಡಿ ಖರ್ಚು ಮಾಡುವ ಬದಲು, ಮೂರರಲ್ಲಿ ಯಾವುದು ಕಡಿಮೆಯಾಗಿದೆ ಎಂದು ನೋಡಬೇಕು.

ಸೌದೆ ಬೇಗ ಹತ್ತುತ್ತದೆ, ಇದ್ದಿಲು ಹತ್ತುವುದಿಲ್ಲ, ಏಕೆ?

ಸೌದೆ ಕಾದಾಗ ಅದರಿಂದ ಉರಿಯುವ ಅನಿಲಗಳು ಹೊರಬರುತ್ತವೆ. ನಾವು ನೋಡುವ ಜ್ವಾಲೆ ಆ ಅನಿಲಗಳದ್ದು. ಇದ್ದಿಲು ಮಾಡುವಾಗ ಸೌದೆಯನ್ನು ಮಣ್ಣಿನಿಂದ ಮುಚ್ಚಿ, ಗಾಳಿ ಹೆಚ್ಚು ಹೋಗದಂತೆ ಸುಡುತ್ತಾರೆ. ಆಗ ಅನಿಲಗಳೂ ನೀರೂ ಹೊರಟುಹೋಗಿ ಹೆಚ್ಚಾಗಿ ಇಂಗಾಲವೇ ಉಳಿಯುತ್ತದೆ. ಇಂಗಾಲವು ಮೇಲ್ಮೈಯಲ್ಲಿ ಕೆಂಪಗೆ ಕೆಂಡವಾಗಿ ಉರಿಯುತ್ತದೆ. ಅದು ಕೆಂಡವಾಗುವಷ್ಟು ಹೊತ್ತು ಶಾಖ ಹಿಡಿದಿರಬೇಕು. ಒಂದು ಕಡ್ಡಿ, ಒಂದು ಕಾಗದ ಅಷ್ಟು ಹೊತ್ತು ಉರಿಯುವುದಿಲ್ಲ.

ತೊಂದರೆ ಮತ್ತು ಪರಿಹಾರ

1) ಇದ್ದಿಲು ತಂಡಿಯಾಗಿರುವುದು. ಇದ್ದಿಲಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಮಳೆಗಾಲದಲ್ಲಿ ಅವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. 1 ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು 75 ಕ್ಯಾಲೊರಿ ಸಾಕು. ಆದರೆ ಅದನ್ನು ಆವಿ ಮಾಡಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ನಾವು ಕೊಟ್ಟ ಶಾಖವೆಲ್ಲ ನೀರನ್ನು ಓಡಿಸುವುದಕ್ಕೇ ಹೋಗುತ್ತದೆ. ನಮ್ಮ ಇದ್ದಿಲು ಗೋಣಿಚೀಲದಲ್ಲಿ, ಮಣ್ಣಿನ ನೆಲದ ಮೇಲೆ ಇತ್ತು! ಬಿಸಿಲು ಬಂದಾಗ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಇಡಬೇಕು.

2) ಬೂದಿ ಕಟ್ಟಿರುವುದು. ಪೆಟ್ಟಿಗೆಯ ಪಕ್ಕದಲ್ಲಿರುವ ತೂತುಗಳು ಅಂದಕ್ಕಲ್ಲ, ಗಾಳಿಗೆ. ಹಳೆ ಬೂದಿ ತುಂಬಿದರೆ ಕೆಳಗಿನ ಇದ್ದಿಲಿಗೆ ಗಾಳಿ ಸಿಗುವುದಿಲ್ಲ. ಪ್ರತಿ ಸಲ ಬೂದಿ ಕೊಡವಿ, ತೂತುಗಳನ್ನು ಕಡ್ಡಿಯಿಂದ ಚುಚ್ಚಿ ಬಿಡಿಸಬೇಕು.

3) ಪುಡಿ ಇದ್ದಿಲು ತುರುಕುವುದು. ಪುಡಿ ಒತ್ತಾಗಿ ಕುಳಿತು ಗಾಳಿಗೆ ದಾರಿ ಮುಚ್ಚುತ್ತದೆ. ತುಂಬ ದೊಡ್ಡ ತುಂಡು ಕಾಯಲು ತಡ. ನಿಂಬೆಹಣ್ಣಿನ ಗಾತ್ರದ ತುಂಡುಗಳನ್ನು ಸಂದು ಬಿಟ್ಟು ಜೋಡಿಸಬೇಕು.

4) ಮೇಲಿನಿಂದ ಬೆಂಕಿ ಹಚ್ಚುವುದು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಕೆಂಡ ಕೆಳಗೆ, ಇದ್ದಿಲು ಮೇಲೆ ಇರಬೇಕು. ಅಜ್ಜಿ ಒಂದು ಉಪಾಯ ತೋರಿಸಿದರು. ಎರಡೂ ಕಡೆ ಬಾಯಿ ತೆಗೆದ ಹಳೆ ತಗಡಿನ ಡಬ್ಬವನ್ನು ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ನಿಲ್ಲಿಸಿ, ಅಡಿಯಲ್ಲಿ ತೆಂಗಿನ ನಾರು, ಅದರ ಮೇಲೆ ಒಣಗಿದ ಕರಟದ ಚೂರು, ಅದರ ಮೇಲೆ ಇದ್ದಿಲು ಹಾಕಿ ಕೆಳಗಿನಿಂದ ಹಚ್ಚುವುದು. ಡಬ್ಬ ಚಿಮಣಿಯ ಹಾಗೆ ಕೆಲಸ ಮಾಡುತ್ತದೆ. ಬಿಸಿ ಗಾಳಿ ಮೇಲೆ ಹೋದ ಹಾಗೆಲ್ಲ ಹೊಸ ಗಾಳಿಯನ್ನು ಕೆಳಗಿನಿಂದ ತಾನೇ ಎಳೆದುಕೊಳ್ಳುತ್ತದೆ. ಊದುವ ಕೆಲಸವೇ ಇಲ್ಲ. ಇದ್ದಿಲ ಮೇಲೆ ತೆಳ್ಳಗೆ ಬಿಳಿ ಬೂದಿ ಬಂದ ಮೇಲೆ ಇಕ್ಕಳದಿಂದ ಪೆಟ್ಟಿಗೆಗೆ ಹಾಕಬೇಕು. ಡಬ್ಬ ಬಹಳ ಕಾದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ದೊಡ್ಡವರು ಜೊತೆಯಲ್ಲಿರಲಿ.

5) ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು. ಇದು ಪರಿಹಾರವಲ್ಲ, ಅಪಾಯ. ಅರೆ ಹತ್ತಿದ ಕೆಂಡದ ಮೇಲೆ ಸುರಿದರೆ ಆವಿ ಭಗ್ಗನೆ ಹತ್ತಿ ಮುಖ, ಕೈ ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು

ಇದ್ದಿಲಿಗೆ ಸಾಕಷ್ಟು ಆಮ್ಲಜನಕ ಸಿಕ್ಕರೆ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಕಡಿಮೆ ಸಿಕ್ಕರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುತ್ತಿಲ್ಲವಲ್ಲ ಎಂದು ನಾವು ಸುಮ್ಮನಿರುತ್ತೇವೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಈ ಅನಿಲವನ್ನು 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಆಗ ಮೈಗೆ ಆಮ್ಲಜನಕ ಸಾಲದೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಹಾಗೇ ಮಲಗಿದರೆ ಪ್ರಾಣವೇ ಹೋಗಬಹುದು. ಹೀಗಾದರೆ ತಕ್ಷಣ ಹೊರಗೆ ಬಂದು, ಆಸ್ಪತ್ರೆಗೆ ಹೋಗಿ ತೋರಿಸಬೇಕು.

ಆದ್ದರಿಂದ ಕೆಂಡದ ಪೆಟ್ಟಿಗೆಯನ್ನಾಗಲಿ, ಚಳಿಗೆ ಅಗ್ಗಿಷ್ಟಿಕೆಯನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಇಡಬಾರದು. ಬಾಣಂತಿ ಮತ್ತು ಮಗು ಬೆಚ್ಚಗಿರಲಿ ಎಂದು ಮಂಚದ ಕೆಳಗೆ ಕೆಂಡ ಇಟ್ಟು ಬಾಗಿಲು ಹಾಕುವ ಪದ್ಧತಿ ಎಷ್ಟೋ ಊರುಗಳಲ್ಲಿದೆ. ನಿಮ್ಮ ಮನೆಯಲ್ಲಿ ಹಾಗೆ ಮಾಡುತ್ತಿದ್ದರೆ ದಯವಿಟ್ಟು ಇವತ್ತೇ ಹೇಳಿ. ಬೈದರೂ ಪರವಾಗಿಲ್ಲ.

ನಿಮಗೆ ಗೊತ್ತೆ?

ಫ್ರಾನ್ಸ್ ದೇಶದ ಲವಾಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು 1782–83ರ ಚಳಿಗಾಲದಲ್ಲಿ ಒಂದು ಪ್ರಯೋಗ ಮಾಡಿದರು. ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿ ಒಂದು ಗಿನಿಪಿಗ್ ಇಟ್ಟು ಎಷ್ಟು ಮಂಜು ಕರಗಿತೆಂದು ಅಳೆದರು. ಇದ್ದಿಲು ಉರಿಸಿಯೂ ಅಳೆದು, ಎರಡನ್ನೂ ಹೋಲಿಸಿದರು. ಪ್ರಾಣಿಯ ಉಸಿರಾಟವೂ ಇದ್ದಿಲು ಉರಿದಂತೆಯೇ, ಆದರೆ ಬಹಳ ನಿಧಾನ ಎಂದು ಹೇಳಿದರು. ಅಂದರೆ ಕೆಂಡ ಮತ್ತು ನಾವು ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತೇವೆ. ಅವತ್ತು ಬಾಗಿಲು ಹಾಕಿ ನಾನು ಇಬ್ಬರಿಗೂ ಗಾಳಿ ಇಲ್ಲದಂತೆ ಮಾಡಿದ್ದೆ.

ಕೊನೆಯ ಮಾತು

ಬೆಳಿಗ್ಗೆ 4 ಗಂಟೆಗೆ ಮಳೆ ನಿಂತಿತು. ಅಜ್ಜಿ ಅಟ್ಟದಿಂದ ಒಣ ಕರಟ ಇಳಿಸಿ ಅಂಗಳದಲ್ಲಿ ಕೆಂಡ ಮಾಡಿದರು. ಅಮ್ಮ ಜಗುಲಿಯಲ್ಲಿ ನಿಂತು ನಿಮ್ಮೆಲ್ಲರ ಬಟ್ಟೆ ಮುಗಿಸಿದರು. ಹೊತ್ತು ಸಾಲದೆ ಉಳಿದದ್ದು ನನ್ನ ಅಂಗಿ ಒಂದೇ. ಧ್ವಜಾರೋಹಣದ ದಿನ “ಇಸ್ತ್ರಿ ಮನೆಯವಳ ಅಂಗಿನೇ ಮುದುರು” ಎಂದು ನಕ್ಕವರಿಗೆ ಈಗ ಕಾರಣ ಗೊತ್ತಾಯಿತು ಎಂದುಕೊಳ್ಳುತ್ತೇನೆ.

ಯೋಚಿಸಿ ಉತ್ತರ ಹೇಳಿ: ಕೆಂಡದ ಮೇಲೆ ಬೀಸಣಿಗೆ ಬೀಸಿದರೆ ಕೆಂಪಾಗುತ್ತದೆ, ದೀಪಕ್ಕೆ ಬೀಸಿದರೆ ಆರಿಹೋಗುತ್ತದೆ. ಏಕೆ?

– 7ನೇ ತರಗತಿಯ ವಿದ್ಯಾರ್ಥಿನಿ